ನೆಲನೆಲ್ಲಿ: ತಮ್ಮನ ಕಾಮಾಲೆಗೆ ಕೊಡಬಹುದೇ?

ಹೊಳೆದಂಡೆ · ಶನಿವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗಾಬರಿಯಲ್ಲಿ ಬರೆಯುತ್ತಿದ್ದೇನೆ.

ನನ್ನ ತಮ್ಮನಿಗೆ 19 ವರ್ಷ, ಹಾಸ್ಟೆಲ್‌ನಲ್ಲಿದ್ದುಕೊಂಡು ಓದುತ್ತಿದ್ದಾನೆ. ಹೋದ ವಾರ ಜ್ವರ, ಸುಸ್ತು ಎಂದು ಊರಿಗೆ ಬಂದ. ಅನ್ನದ ವಾಸನೆ ಬಂದರೆ ಸಾಕು, ವಾಕರಿಕೆ. ಜ್ವರ ಮೂರು ದಿನಕ್ಕೆ ಬಿಟ್ಟಿತು. ಗುರುವಾರ ಬೆಳಿಗ್ಗೆ ಅಮ್ಮ ಅವನನ್ನು ಅಂಗಳಕ್ಕೆ ಕರೆದು, ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿ, ಕೆಳರೆಪ್ಪೆ ಎಳೆದು ನೋಡಿದರು. ಕಣ್ಣಿನ ಬಿಳಿಭಾಗ ಅರಿಶಿನ ಕದಡಿದ ನೀರಿನಂತಿತ್ತು.

ದೊಡ್ಡಮ್ಮ ಅದೇ ಹೊತ್ತಿಗೆ ಗದ್ದೆಯ ಬದುವಿನಿಂದ ನೆಲನೆಲ್ಲಿ ಕಿತ್ತು ತಂದು ಅರೆದು ಮಜ್ಜಿಗೆಯಲ್ಲಿ ಕೊಟ್ಟಿದ್ದಾರೆ. ಮೂರು ದಿನದಿಂದ ಅದೇ ನಡೆಯುತ್ತಿದೆ. ನಾಳೆ ಭಾನುವಾರ ಅಪ್ಪ ಅವನನ್ನು ಪಕ್ಕದ ಊರಿನಲ್ಲಿ ಕಾಮಾಲೆಗೆ ಮದ್ದು ಕೊಡುವವರ ಬಳಿ ಕರೆದೊಯ್ಯುತ್ತಾರಂತೆ. ನಾನು ಬೆಂಗಳೂರಿನಲ್ಲಿದ್ದೇನೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ ಎಂದು ಫೋನಿನಲ್ಲಿ ಹೇಳಿದರೆ ಅಪ್ಪ, "ಆರನೇ ತರಗತಿಯಲ್ಲಿ ನಿನಗೆ ಕಾಮಾಲೆ ಬಂದಾಗಲೂ ಇದನ್ನೇ ಕುಡಿಸಿದ್ದು. ವಾಸಿಯಾಗಲಿಲ್ಲವೇ?" ಎಂದು ಕೇಳುತ್ತಾರೆ. ಆ ಕಹಿ ಇನ್ನೂ ನನ್ನ ನಾಲಿಗೆಯಲ್ಲಿದೆ. ಅಪ್ಪನ ಪ್ರಶ್ನೆಗೆ ಉತ್ತರ ಮಾತ್ರ ನನ್ನಲ್ಲಿ ಇಲ್ಲ.

ನೆಲನೆಲ್ಲಿ ನಿಜವಾಗಿ ಕೆಲಸ ಮಾಡುತ್ತದೆಯೇ? ಕೊಡುವುದರಿಂದ ತೊಂದರೆ ಏನಾದರೂ ಇದೆಯೇ? ತಿಳಿದವರು ಹೇಳಿ.

---

ಅಜ್ಜಿಮನೆ · ಶನಿವಾರ, ರಾತ್ರಿ 9:48

ಹೆದರಬೇಡಿ ತಂಗಿ. ನಮ್ಮದು ಶಿರಸಿಯ ಕಡೆಯ ಹಳ್ಳಿ. ನಮ್ಮ ಮನೆಯಲ್ಲಿ ಮೂರು ತಲೆಮಾರು ನೆಲನೆಲ್ಲಿ ಉಂಡು ಬೆಳೆದಿದೆ. ಮಳೆಗಾಲದಲ್ಲಿ ಅಡಿಕೆ ತೋಟದ ಕಾಲುದಾರಿಯ ತುಂಬ ಇದೇ ಗಿಡ. ನನ್ನ ಅತ್ತೆ ಬೇರು ಸಮೇತ ಕಿತ್ತು, ನಾಲ್ಕು ನೀರಿನಲ್ಲಿ ಮಣ್ಣು ತೊಳೆದು, ಒರಳಿನಲ್ಲಿ ಜೀರಿಗೆಯ ಜೊತೆ ಅರೆದು ರಸ ಹಿಂಡುತ್ತಿದ್ದರು. ಒಂದು ಸಣ್ಣ ಲೋಟ ಮಜ್ಜಿಗೆಗೆ ಎರಡು ಚಮಚ ರಸ, ಬೆಳಿಗ್ಗೆ ಬರಿಹೊಟ್ಟೆಗೆ. ಕಾಮಾಲೆಗೆ ಮಾತ್ರವಲ್ಲ, ಉರಿಮೂತ್ರಕ್ಕೂ ಬೇಸಿಗೆಯ ಹೊಟ್ಟೆಯುರಿಗೂ ಇದೇ. ಪಥ್ಯ ಬಹಳ ಗಟ್ಟಿ: ಗಂಜಿ, ಸುಟ್ಟ ಹಪ್ಪಳ, ಎಣ್ಣೆಯ ವಾಸನೆಯೂ ಇಲ್ಲ.

ಕಾಯಿಲೆ ಇಲ್ಲದವರಿಗೆ ತಂಬುಳಿ ಮಾಡಿ ಬಡಿಸಬಹುದು. ಒಂದು ಹಿಡಿ ಎಳೆಯ ಎಲೆಯನ್ನು ಕಡ್ಡಿಯಿಂದ ಬಿಡಿಸಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಬೇಕು. ಎಲೆಯ ಹಸಿವಾಸನೆ ಹೋಗುವವರೆಗೆ ಸಾಕು, ಕಪ್ಪಾದರೆ ಕಹಿ ಹೆಚ್ಚುತ್ತದೆ. ಆಮೇಲೆ ಅರ್ಧ ಬಟ್ಟಲು ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಹುಳಿಯಿಲ್ಲದ ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ ಸಾಸಿವೆಯ ಒಗ್ಗರಣೆ ಕೊಟ್ಟರಾಯಿತು. ಊಟದ ಮೊದಲ ತುತ್ತಿಗೆ ಬಡಿಸುವುದು ನಮ್ಮ ಕ್ರಮ.

---

ರಾತ್ರಿಪಾಳಿ · ಶನಿವಾರ, ರಾತ್ರಿ 11:25

ನಾನು ಶುಶ್ರೂಷಕಿ, ಹದಿನಾಲ್ಕು ವರ್ಷಗಳಿಂದ ಒಳರೋಗಿಗಳ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಅಜ್ಜಿಮನೆ ಅಕ್ಕನ ತಂಬುಳಿಗೆ ನನ್ನ ಆಕ್ಷೇಪವಿಲ್ಲ. ಆದರೆ ಈ ಹುಡುಗನ ವಿಷಯದಲ್ಲಿ ನಾಳೆ ಬೆಳಿಗ್ಗೆ ಮೊದಲು ಆಗಬೇಕಾದದ್ದು ರಕ್ತ ಪರೀಕ್ಷೆ. ಏಕೆ ಎಂದು ನಿಮ್ಮ ಅಪ್ಪನಿಗೆ ಬಿಡಿಸಿ ಹೇಳಿ, ಗದರಿಸಿ ಹೇಳಬೇಡಿ.

ನಮ್ಮ ರಕ್ತದ ಕೆಂಪುಕಣಗಳು ಹಳತಾಗಿ ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಯಕೃತ್ತು ಅದನ್ನು ಹಿಡಿದು ಪಿತ್ತರಸಕ್ಕೆ ಸೇರಿಸಿ ಕರುಳಿಗೆ ಬಿಡುತ್ತದೆ. ಮಲಕ್ಕೆ ಬಣ್ಣ ಬರುವುದು ಅದರಿಂದಲೇ. ಈ ದಾರಿಯಲ್ಲಿ ಎಲ್ಲಿ ತೊಡಕಾದರೂ ಹಳದಿ ರಕ್ತದಲ್ಲಿ ಉಳಿದು ಕಣ್ಣಿಗೆ ಬರುತ್ತದೆ. ವೈರಸ್‌ನಿಂದ ಯಕೃತ್ತು ಊದಿಕೊಂಡಿರಬಹುದು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರಬಹುದು. ಮೇದೋಜೀರಕದ ತಲೆಯಲ್ಲಿ ಗಡ್ಡೆ ಇರಬಹುದು. ಕೆಂಪುಕಣಗಳೇ ವಿಪರೀತವಾಗಿ ಒಡೆಯುತ್ತಿರಬಹುದು. ಮಲೆನಾಡು, ಕರಾವಳಿಯಲ್ಲಿ ಇಲಿಜ್ವರವೂ ಹೀಗೆಯೇ ಕಾಣಿಸಿಕೊಳ್ಳುತ್ತದೆ: ಜ್ವರ, ಮೀನಖಂಡದಲ್ಲಿ ಹಿಡಿದುಕೊಂಡಂಥ ನೋವು, ಕಣ್ಣು ಕೆಂಪು, ಆಮೇಲೆ ಹಳದಿ. ಅದಕ್ಕೆ ಬೇಗ ಆ್ಯಂಟಿಬಯೋಟಿಕ್ ಕೊಡದಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು. ಇವೆಲ್ಲಕ್ಕೂ ನಮ್ಮಲ್ಲಿ ಇರುವುದು ಕಾಮಾಲೆ ಎಂಬ ಒಂದೇ ಹೆಸರು.

ಹಾಸ್ಟೆಲ್ ಹುಡುಗ, ಮೊದಲು ಜ್ವರ, ಜ್ವರ ಬಿಟ್ಟ ಮೇಲೆ ಹಳದಿ ಎಂದರೆ ಹೆಪಟೈಟಿಸ್ ಎ ಅಥವಾ ಇ ಇರುವ ಸಾಧ್ಯತೆ ಹೆಚ್ಚು. ಎರಡೂ ಹೊಲಸು ಸೇರಿದ ನೀರು, ಆಹಾರದಿಂದ ಬರುವ ವೈರಸ್‌ಗಳು. ಒಳಗೆ ಹೋದ ಮೇಲೆ ಎರಡು ವಾರದಿಂದ ಎರಡು ತಿಂಗಳವರೆಗೆ ಸುಮ್ಮನಿದ್ದು ಆಮೇಲೆ ತಲೆ ಎತ್ತುತ್ತವೆ. ಯೌವನದಲ್ಲಿರುವ ಗಟ್ಟಿ ಹುಡುಗರಲ್ಲಿ ಹೆಚ್ಚಿನವರಿಗೆ ಇದು ತಾನಾಗಿ ಗುಣವಾಗುತ್ತದೆ. ಹಳದಿ ಒಂದೆರಡು ವಾರ ಏರುತ್ತದೆ, ಆಮೇಲೆ ಇಳಿಯುತ್ತದೆ. ಜನ ಮದ್ದಿಗೆ ಹೋಗುವುದು ಕಣ್ಣು ಅತಿ ಹೆಚ್ಚು ಹಳದಿಯಾದ ದಿನ, ಅಂದರೆ ಏರಿಕೆಯ ತುದಿಯಲ್ಲಿ. ಅಲ್ಲಿಂದ ಮುಂದೆ ಏನು ಕುಡಿಸಿದರೂ, ಏನೂ ಕುಡಿಸದಿದ್ದರೂ, ಇಳಿಯುವುದೇ ಉಳಿದಿರುತ್ತದೆ. ನಿಮ್ಮ ಆರನೇ ತರಗತಿಯ ಕಾಮಾಲೆ ಇದೇ ಇದ್ದಿರಬಹುದು.

ಆದರೆ ನೂರಾರು ಜನರಲ್ಲಿ ಒಬ್ಬಿಬ್ಬರಿಗೆ ಯಕೃತ್ತು ಒಮ್ಮೆಲೇ ಕೈಬಿಡುತ್ತದೆ. ಅದು ಯಾರಿಗೆ ಎಂದು ಕಣ್ಣು ನೋಡಿ ಹೇಳಲಾಗದು. ಅದಕ್ಕೇ ಬಿಲಿರುಬಿನ್ ಮತ್ತು ಯಕೃತ್ತಿನ ಕಿಣ್ವಗಳ ಜೊತೆ ರಕ್ತ ಹೆಪ್ಪುಗಟ್ಟುವ ಸಮಯವನ್ನೂ (ಪಿಟಿ, ಐಎನ್‌ಆರ್) ನೋಡಿಸಬೇಕು. ಹುಡುಗ ಮಂಕಾದರೆ, ಹಗಲೆಲ್ಲ ತೂಕಡಿಸಿ ರಾತ್ರಿ ತಡವರಿಸಿ ಮಾತಾಡಿದರೆ, ವಾಂತಿ ನಿಲ್ಲದಿದ್ದರೆ, ಒಸಡಿನಲ್ಲಿ ರಕ್ತ ಕಂಡರೆ ಒಂದು ಗಂಟೆಯೂ ಕಾಯಬೇಡಿ. ಗರ್ಭಿಣಿಯರಿಗೆ ಕಾಮಾಲೆ ಬಂದರೆ ಮನೆಮದ್ದಿನ ಮಾತೇ ಬೇಡ. ಹೆಪಟೈಟಿಸ್ ಇ ಕೊನೆಯ ಮೂರು ತಿಂಗಳಲ್ಲಿ ತಾಯಿಯ ಜೀವಕ್ಕೇ ಎರವಾಗುತ್ತದೆ. ನವಜಾತ ಶಿಶುವಿಗೂ ಅಷ್ಟೇ. ಹುಟ್ಟಿದ 24 ಗಂಟೆಯೊಳಗೆ ಮಗು ಹಳದಿಯಾದರೆ ಅದು ಯಾವಾಗಲೂ ತುರ್ತು.

ಪಥ್ಯದ ಬಗ್ಗೆಯೂ ಒಂದು ಮಾತು. ವಾಕರಿಕೆ ಇರುವಾಗ ಜಿಡ್ಡು ಸೇರುವುದಿಲ್ಲ, ಸರಿ. ಹಾಗೆಂದು ಹದಿನೈದು ದಿನ ಬರೀ ಗಂಜಿನೀರಿನಲ್ಲಿ ಮಲಗಿಸಿದರೆ ಹುಡುಗ ಸೊರಗುತ್ತಾನೆ. ಹಸಿವಾದಂತೆ ಅನ್ನ, ತೊವ್ವೆ, ಮೊಸರು ಎಲ್ಲ ಕೊಡಬಹುದು. ಕಾಮಾಲೆಗೆ ಒಳ್ಳೆಯದೆಂದು ರಸ್ತೆಬದಿಯ ಕಬ್ಬಿನಹಾಲು ತರಿಸುವವರಿದ್ದಾರೆ. ಅದರಲ್ಲಿ ತೇಲುವ ಐಸ್ ಯಾವ ನೀರಿನದೋ! ರೋಗ ತಂದ ದಾರಿಯಲ್ಲೇ ಮದ್ದನ್ನೂ ತಂದಂತಾಗುತ್ತದೆ. ಜ್ವರಕ್ಕೆಂದು ಪ್ಯಾರಾಸಿಟಮಾಲ್ ಅನ್ನು ಮನಬಂದಷ್ಟು ನುಂಗಿಸಲೂ ಬೇಡಿ.

---

ಅಳಿವೆಬಾಗಿಲು · ಭಾನುವಾರ, ಬೆಳಿಗ್ಗೆ 6:30

ಮೇಲಿನ ಮೇಡಂ ಹೇಳಿದ್ದನ್ನು ದಯವಿಟ್ಟು ಕೇಳಿ. ನನ್ನ ಅಪ್ಪನಿಗೆ 58 ವರ್ಷದಲ್ಲಿ ಕಣ್ಣು ಹಳದಿಯಾಯಿತು. ಜ್ವರ ಇರಲಿಲ್ಲ, ಹೊಟ್ಟೆನೋವೂ ಹೇಳಿಕೊಳ್ಳುವಂಥದ್ದಲ್ಲ. ಮೈಯೆಲ್ಲ ತುರಿಕೆ ಮಾತ್ರ. ರಾತ್ರಿ ಎದ್ದು ಕೂತು ತೆಂಗಿನ ನಾರಿನಿಂದ ಬೆನ್ನು ಉಜ್ಜಿಕೊಳ್ಳುತ್ತಿದ್ದರು. ನೆಲನೆಲ್ಲಿಯನ್ನು ನಾನೇ ಅರೆದು ಕೊಟ್ಟೆ, ಐದು ವಾರ. ಮೂರು ಕಡೆ ಮದ್ದು ತಂದೆವು. ಒಂದು ಕಡೆ ಮುಂಗೈಗೆ ಬರೆಯನ್ನೂ ಹಾಕಿಸಿದೆವು. ಹಳದಿ ಇಳಿಯುವ ಬದಲು ಹಸಿರು ಛಾಯೆಗೆ ತಿರುಗಿತು. ಒಂದು ಸಂಜೆ ನಡುಕ ಬಂದು ಮಂಚವೇ ಅದುರಿತು.

ಸ್ಕ್ಯಾನ್‌ನಲ್ಲಿ ಪಿತ್ತನಾಳದ ಕೊನೆಯಲ್ಲಿ ಕಲ್ಲು ಸಿಕ್ಕಿ ಕೂತಿತ್ತು. ಹಿಂದೆ ನಿಂತ ಪಿತ್ತದಲ್ಲಿ ಕೀವಾಗಿ ಸೋಂಕು ರಕ್ತಕ್ಕೆ ಹೋಗಿತ್ತು. ಬಾಯಿಯ ಮೂಲಕ ನಳಿಗೆ ಇಳಿಸಿ ಕಲ್ಲು ತೆಗೆದರು, ಹನ್ನೊಂದು ದಿನ ಐಸಿಯುನಲ್ಲಿ ಇಟ್ಟರು. ಅಪ್ಪ ಉಳಿದರು. ಮೊದಲಿನ ಮೈಕಟ್ಟು ಮಾತ್ರ ಮರಳಲಿಲ್ಲ. ವೈದ್ಯರು ಆ ದಿನ ಕೇಳಿದ್ದು ಒಂದೇ ಪ್ರಶ್ನೆ: "ಮಲದ ಬಣ್ಣ ಏನಾಗಿತ್ತು?" ಸುಣ್ಣದ ಹಾಗೆ ಬೆಳ್ಳಗಾಗಿತ್ತು ಎಂದು ಅಪ್ಪ ಹೇಳಿದರು. ಐದು ವಾರದಲ್ಲಿ ನಾನು ಒಮ್ಮೆಯೂ ಅದನ್ನು ಕೇಳಿರಲಿಲ್ಲ.

ನೆಲನೆಲ್ಲಿಯ ಮೇಲೆ ನನಗೆ ಸಿಟ್ಟಿಲ್ಲ. ನನಗೆ ನೋವಾಗುವುದು ಆ ಐದು ವಾರಗಳನ್ನು ನೆನೆದರೆ.

---

ಮದ್ದಿನಮನೆ · ಭಾನುವಾರ, ಬೆಳಿಗ್ಗೆ 8:15

ಈ ಚರ್ಚೆ ನನಗೆ ಬಹಳ ಹತ್ತಿರದ್ದು. ನನ್ನ ಅಜ್ಜ ಕಾಮಾಲೆಗೆ ಮದ್ದು ಕೊಡುತ್ತಿದ್ದವರು. ಭಾನುವಾರ ಮತ್ತು ಗುರುವಾರ ನಸುಕಿನಲ್ಲೇ ನಮ್ಮ ಜಗಲಿಯಲ್ಲಿ ಜನ ಕೂತಿರುತ್ತಿದ್ದರು. ಅಜ್ಜ ದುಡ್ಡು ಮುಟ್ಟುತ್ತಿರಲಿಲ್ಲ. ಎಲೆಯಡಿಕೆಯ ಜೊತೆ ಒಂದು ತೆಂಗಿನಕಾಯಿ ತಂದರೆ ಆಯಿತು, ತಾರದಿದ್ದರೂ ಆಯಿತು. ಯಾರ ಮದ್ದು ಎಂದು ಕೇಳಬಾರದು, ಯಾವ ಗಿಡ ಎಂದು ಹೇಳಬಾರದು, ಹೇಳಿದರೆ ಗುಣ ಹೋಗುತ್ತದೆ ಎಂಬ ನಂಬಿಕೆ ಇತ್ತು. ಆ ಮದ್ದು ನೆಲನೆಲ್ಲಿಯೇ. ಬೆಳಗಿನ ಇಬ್ಬನಿ ಆರುವ ಮೊದಲು ಕಿತ್ತು, ಬೇರು ಕಾಂಡ ಎಲೆ ಕಾಯಿ ಎಲ್ಲವನ್ನೂ ಅರೆದು, ಬೆಟ್ಟದ ನೆಲ್ಲಿಕಾಯಿಯಷ್ಟು ದೊಡ್ಡ ಉಂಡೆ ಮಾಡಿ, ಹಸಿಹಾಲಿನಲ್ಲಿ ಕಲಸಿ ಮೂರು ದಿನ ಕೊಡುತ್ತಿದ್ದರು.

ನಾಟಿ ಮದ್ದಿನವರೆಂದರೆ ಎಲ್ಲವನ್ನೂ ತಾವೇ ವಾಸಿ ಮಾಡುತ್ತೇವೆ ಎನ್ನುವವರು ಎಂಬ ಮಾತು ಬರುವ ಮುಂಚೆ ಒಂದನ್ನು ಹೇಳಬೇಕು. ಅಜ್ಜ ಬಂದವರನ್ನು ಮೊದಲು ಕೇಳುತ್ತಿದ್ದದ್ದೇ ಮಲದ ಬಣ್ಣ. ಮೂತ್ರದಲ್ಲಿ ಅನ್ನದ ಅಗುಳು ಹಾಕಿ ಹಳದಿ ಎಷ್ಟು ಹಿಡಿಯುತ್ತದೆ ಎಂದು ನೋಡುತ್ತಿದ್ದರು. ಮಲ ಬೆಳ್ಳಗಿದ್ದು ಮೈ ತುರಿಸುತ್ತದೆ ಎಂದರೆ, "ಇದು ನನ್ನ ಕೈಯದ್ದಲ್ಲ, ಪೇಟೆಗೆ ಹೋಗಿ" ಎಂದು ಎಬ್ಬಿಸಿ ಕಳುಹಿಸುತ್ತಿದ್ದರು. ಬಸುರಿಯರಿಗೆ ಕೊಡುತ್ತಿರಲಿಲ್ಲ. ಏಳು ದಿನದಲ್ಲಿ ಹಸಿವು ಮರಳದಿದ್ದವರಿಗೆ ಎರಡನೆಯ ಸಲ ಮದ್ದು ಇಲ್ಲ. ಅಳಿವೆಬಾಗಿಲು ಅಣ್ಣನ ಬರಹ ಓದಿದಾಗ ಅಜ್ಜನ ಆ ಮಾತು ಕಿವಿಯಲ್ಲಿ ಕೇಳಿಸಿದಂತಾಯಿತು. ಗಿಡ ಉಳಿಯಿತು, ಗಿಡದ ಜೊತೆಗಿದ್ದ ಈ ವಿವೇಚನೆ ಮುಂದಿನವರಿಗೆ ದಾಟಲಿಲ್ಲ. ಅಜ್ಜ ಹೋದ ಮೇಲೆ ಊರಿನಲ್ಲಿ ಈಗ ಯಾರು ಯಾರೋ ಕೊಡುತ್ತಾರೆ, ಯಾರನ್ನೂ ತಿರುಗಿ ಕಳುಹಿಸುವುದಿಲ್ಲ.

ಮೂಗಿಗೆ ರಸ ಬಿಟ್ಟು ಹಳದಿ ನೀರು ಇಳಿಸುವವರ ಹತ್ತಿರ ಮಾತ್ರ ಹೋಗಬೇಡಿ. ಅದು ಕಾಮಾಲೆ ಇಳಿಯುವುದಲ್ಲ, ಮೂಗಿನ ಒಳಪೊರೆ ಸುಟ್ಟು ನೀರು ಸುರಿಯುವುದು. ಅಜ್ಜ ಅದನ್ನು ಕಂಡರೆ ಸಿಡಿಮಿಡಿಗೊಳ್ಳುತ್ತಿದ್ದರು.

---

ಹೊಳೆದಂಡೆ · ಭಾನುವಾರ, ಮಧ್ಯಾಹ್ನ 1:05

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ! ಮದ್ದಿನಮನೆ ಸರ್ ಬರೆದದ್ದನ್ನು ಅಪ್ಪನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಮದ್ದು ಕೊಡುವವರೇ ಮಲದ ಬಣ್ಣ ಕೇಳುತ್ತಿದ್ದರು ಎಂದಾಗ ಅಪ್ಪ ಸುಮ್ಮನಾದರು. ಆಮೇಲೆ, "ಸರಿ, ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ಬರುತ್ತೇವೆ" ಎಂದರು. ನಾನು ಹೇಳಿದ್ದಕ್ಕೆ ಒಪ್ಪದವರು ಆ ಅಜ್ಜನ ಮಾತಿಗೆ ಒಪ್ಪಿದರು. ರಕ್ತ ಕೊಟ್ಟು ಬಂದಿದ್ದಾರೆ. ತಮ್ಮನ ಮಲದ ಬಣ್ಣ ಮಾಮೂಲಿನಂತೆಯೇ ಇದೆಯಂತೆ.

ಇನ್ನೊಂದು ಸಂಶಯ. ದೊಡ್ಡಮ್ಮ ಕಿತ್ತ ಗಿಡದ ಕಾಂಡ ಕೆಂಪಗಿತ್ತು ಎಂದು ಅಮ್ಮ ಹೇಳುತ್ತಾರೆ. ನನಗೆ ನೆನಪಿರುವುದು ಹಸಿರು ಕಾಂಡ. ಎರಡೂ ನೆಲನೆಲ್ಲಿಯೇ?

---

ಎಲೆತೊಟ್ಟು · ಭಾನುವಾರ, ಸಂಜೆ 4:40

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವನು ನಾನು. ಈ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ನಮ್ಮ ಅಂಗಳದಲ್ಲಿ ನೆಲನೆಲ್ಲಿ ಎನಿಸಿಕೊಳ್ಳುವ ಗಿಡಗಳು ಒಂದಕ್ಕಿಂತ ಹೆಚ್ಚು. ಎಲ್ಲವೂ ಫಿಲ್ಲಾಂಥಸ್ ಕುಲದವು, ಬೆಟ್ಟದ ನೆಲ್ಲಿಯ ಹತ್ತಿರದ ಬಳಗ. ಕಡ್ಡಿಯೊಂದನ್ನು ಮುರಿದು ಅಂಗೈಯಲ್ಲಿ ಇಟ್ಟುಕೊಳ್ಳಿ. ಮೇಲಿನಿಂದ ಹುಣಸೆ ಎಲೆಯಂತೆ ಎರಡು ಸಾಲು ಪುಟ್ಟ ಎಲೆಗಳು. ಕೆಳಗೆ, ಪ್ರತಿ ಎಲೆಯ ಬುಡದಲ್ಲಿ, ಸಾಸಿವೆಗಿಂತ ತುಸು ದೊಡ್ಡ ಹಸಿರು ಕಾಯಿ ನೇತಾಡುತ್ತದೆ. ಮೇಲಿನಿಂದ ನೋಡಿದರೆ ಒಂದೂ ಕಾಣುವುದಿಲ್ಲ, ತಿರುವಿದರೆ ಸಾಲಾಗಿ ಪೋಣಿಸಿದ ಮಣಿಗಳು. ತಮಿಳಿನ ಕೀಳಾನೆಲ್ಲಿ ಎಂಬ ಹೆಸರಿನಲ್ಲಿರುವ 'ಕೀಳ್' ಎಂದರೆ ಕೆಳಗೆ. ಹುಣಸೆ ಸಸಿಯಲ್ಲಾಗಲಿ ಮುಟ್ಟಿದರೆ ಮುನಿಯಲ್ಲಾಗಲಿ ಹೀಗೆ ಎಲೆಯಡಿಯಲ್ಲಿ ಕಾಯಿ ಇರುವುದಿಲ್ಲ. ತೊಟ್ಟು ಮುರಿದಾಗ ಹಾಲು ಒಸರಿದರೆ ಅದು ನೆಲನೆಲ್ಲಿ ಅಲ್ಲ, ಬಿಟ್ಟುಬಿಡಿ.

ಈಗ ಒಳಗಿನ ಭೇದ. ಔಷಧಿಯಾಗಿ ಹೆಚ್ಚು ಬಳಕೆಯಲ್ಲಿರುವುದು ಫಿಲ್ಲಾಂಥಸ್ ಅಮಾರಸ್. ಅಮಾರಸ್ ಎಂದರೆ ಕಹಿ ಎಂದೇ ಅರ್ಥ. ಇದರ ಕಾಂಡ ಹಸಿರು, ಕಾಯಿಗೆ ಸಣ್ಣ ತೊಟ್ಟು ಇರುತ್ತದೆ, ಕಾಯಿಯ ಮೈ ನುಣುಪು, ಹೂವಿನ ಎಸಳು ಐದು. ಕೆಂಪು ಕಾಂಡದ್ದು ಬಹುಶಃ ಫಿಲ್ಲಾಂಥಸ್ ಯೂರಿನೇರಿಯಾ, ಕೆಂಪು ನೆಲನೆಲ್ಲಿ ಎಂದು ಕರೆಯುವುದುಂಟು. ಅದರ ಕಾಯಿ ತೊಟ್ಟಿಲ್ಲದೆ ಕಡ್ಡಿಗೇ ಅಂಟಿಕೊಂಡಿರುತ್ತದೆ, ಬೆರಳಾಡಿಸಿದರೆ ಕಾಯಿಯ ಮೈ ತರಿತರಿ, ಎಲೆಯಂಚಿನಲ್ಲಿಯೂ ಸಣ್ಣ ಗರಗಸದಂಥ ಒರಟು. ಅದೂ ವಿಷವೇನಲ್ಲ, ಅನೇಕ ದೇಶಗಳಲ್ಲಿ ಅದನ್ನೂ ಬಳಸುತ್ತಾರೆ. ಆದರೆ ಎರಡರ ಒಳಗಿನ ರಾಸಾಯನಿಕಗಳ ಪ್ರಮಾಣ ಒಂದೇ ಅಲ್ಲ. ಯಕೃತ್ತಿಗೆ ಒಳ್ಳೆಯದೆಂದು ಹೆಸರಾದ ಫಿಲ್ಲಾಂಥಿನ್, ಹೈಪೊಫಿಲ್ಲಾಂಥಿನ್‌ಗಳಿಗೆ ಪ್ರಸಿದ್ಧವಾದದ್ದು ಅಮಾರಸ್.

ಅಂಗಡಿಯಲ್ಲಿ ಒಣಗಿದ ಕಟ್ಟು ಕೊಳ್ಳುವವರು ಇದನ್ನು ತಿಳಿದಿರಬೇಕು. 2010ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಏಟ್ರೀ ಸಂಸ್ಥೆಯ ಸಂಶೋಧಕರು ದಕ್ಷಿಣ ಭಾರತದ 25 ಗ್ರಂದಿಗೆ ಅಂಗಡಿಗಳ ಸರಕನ್ನು ಪರೀಕ್ಷಿಸಿ ಪ್ರಕಟಿಸಿದರು. ಶೇ. 76ರಷ್ಟು ಅಂಗಡಿಗಳಲ್ಲಿ ಇದ್ದದ್ದು ಹೆಚ್ಚುಕಡಿಮೆ ಶುದ್ಧ ಅಮಾರಸ್. ಉಳಿದ ಶೇ. 24ರಲ್ಲಿ ಬೇರೆ ಐದು ಪ್ರಭೇದಗಳು ಸಿಕ್ಕಿದವು. ಪುಡಿ ಮಾಡಿದ ಮೇಲೆ ಯಾವುದು ಯಾವುದೆಂದು ಕಣ್ಣಿಗೆ ತಿಳಿಯುವುದಿಲ್ಲ. ಬೇಕಾದರೆ ಹಸಿಯಾಗಿ, ಕಾಯಿ ಇರುವಾಗ ನೋಡಿ ಕೀಳುವುದೇ ಕ್ಷೇಮ.

---

ಕಾಫಿಸಾಲು · ಭಾನುವಾರ, ಸಂಜೆ 5:20

ಕೀಳುವ ಜಾಗವನ್ನೂ ನೋಡಿ. ನಮ್ಮ ತೋಟಗಳಲ್ಲಿ ಈಗ ಕಳೆನಾಶಕ ಹೊಡೆಯದ ಜಾಗ ಕಡಿಮೆ. ಹೊಡೆದ ಮೇಲೆ ಮೊದಲು ಮರಳಿ ಹುಟ್ಟುವ ಕಳೆಗಳಲ್ಲಿ ನೆಲನೆಲ್ಲಿಯೂ ಒಂದು, ಅದಕ್ಕೇ ಸೊಗಸಾಗಿ ಕಾಣುತ್ತದೆ. ರಸ್ತೆಯಂಚು, ಚರಂಡಿಯ ಪಕ್ಕದ್ದೂ ಬೇಡ. ಹಿತ್ತಿಲಿನಲ್ಲಿ ಒಂದು ಮೂಲೆ ಬಿಟ್ಟುಕೊಡಿ, ಸಾಕು.

---

ದೂರದೂರು · ಭಾನುವಾರ, ರಾತ್ರಿ 8:55

ನ್ಯೂಜೆರ್ಸಿಯಿಂದ. ಇಲ್ಲಿ ಅಂಗಡಿಗಳಲ್ಲಿ 'ಚಾಂಕಾ ಪಿಯೆದ್ರಾ' ಎಂಬ ಹೆಸರಿನ ಮಾತ್ರೆಯ ಡಬ್ಬಿಗಳಿವೆ, ಮೂತ್ರಪಿಂಡದ ಕಲ್ಲಿಗೆ ಎಂದು ಮಾರುತ್ತಾರೆ. ಡಬ್ಬಿಯ ಮೇಲಿನ ಚಿತ್ರ ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಹಿತ್ತಿಲ ನೆಲನೆಲ್ಲಿ! ಪೆರು ದೇಶದವನೊಬ್ಬ ಸಹೋದ್ಯೋಗಿಯನ್ನು ಕೇಳಿದೆ. ಅದರ ಅರ್ಥ 'ಕಲ್ಲು ಒಡೆಯುವುದು' ಎಂದು, ಅವನ ಅಜ್ಜಿಯೂ ಕಷಾಯ ಮಾಡುತ್ತಿದ್ದರಂತೆ. ಬ್ರೆಜಿಲ್‌ನಲ್ಲಿಯೂ 'ಕೆಬ್ರಾ ಪೆದ್ರಾ' ಎಂದು ಅದೇ ಅರ್ಥದ ಹೆಸರಿದೆ. ಪ್ರಪಂಚದ ಎರಡು ತುದಿಯ ಅಜ್ಜಿಯರಿಗೆ ಒಂದೇ ಗಿಡ ಹೇಗೆ ಸಿಕ್ಕಿತು?

---

ಎಲೆತೊಟ್ಟು · ಭಾನುವಾರ, ರಾತ್ರಿ 10:10

ಬಹಳ ಒಳ್ಳೆಯ ಪ್ರಶ್ನೆ. ಅವರದ್ದು ಹೆಚ್ಚಾಗಿ ಫಿಲ್ಲಾಂಥಸ್ ನಿರೂರಿ. ನಮ್ಮ ಹಳೆಯ ಪುಸ್ತಕಗಳಲ್ಲೂ ನೆಲನೆಲ್ಲಿಯ ಮುಂದೆ 'ನಿರೂರಿ' ಎಂದೇ ಇರುತ್ತದೆ. ಆದರೆ ನಿಜವಾದ ನಿರೂರಿ ಅಮೆರಿಕ ಖಂಡದ ಗಿಡ. ಭಾರತದಲ್ಲಿ ಆ ಹೆಸರಿನಡಿ ಕರೆಯುತ್ತಿದ್ದದ್ದು ಅಮಾರಸ್, ಫ್ರಾಟರ್ನಸ್, ಡೆಬಿಲಿಸ್ ಎಂಬ ಮೂರು ಬೇರೆ ಗಿಡಗಳನ್ನು ಎಂದು 1985ರಲ್ಲಿ ಇಬ್ಬರು ಭಾರತೀಯ ಸಸ್ಯಶಾಸ್ತ್ರಜ್ಞರು ಬಿಡಿಸಿ ತೋರಿಸಿದರು. ಅದಕ್ಕಿಂತ ಹಿಂದಿನ ಸಂಶೋಧನೆ ಓದುವಾಗ ಯಾವ ಗಿಡದ ಮೇಲೆ ಮಾಡಿದ್ದು ಎಂದು ಎರಡು ಸಲ ಯೋಚಿಸಬೇಕಾಗುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ವಿಷಯ ಬೇರೆ ಇದೆ. ಅಮಾರಸ್‌ನ ತವರೂ ಅಮೆರಿಕದ ಉಷ್ಣವಲಯವೇ ಎಂದು ಅನೇಕ ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಮೆಣಸಿನಕಾಯಿ, ಗೋಡಂಬಿಗಳ ಹಾಗೆ ಇದೂ ಹೊರಗಿನಿಂದ ಬಂದು ನೆಲೆಯೂರಿದ್ದು. ಹಾಗಾದರೆ ನೆಲನೆಲ್ಲಿ ಎಂದೇ ಹೇಳುತ್ತ ಬಂದ, ಪ್ರಾಚೀನ ಚರಕ ಸಂಹಿತೆಯ 'ತಾಮಲಕಿ' ಯಾವುದು? ಬಹುಶಃ ಇದೇ ಬಳಗದ ನಮ್ಮ ನೆಲದ ಗಿಡವೊಂದು. ಹೊಸಬ ಬಂದಾಗ ರೂಪವೂ ಕಹಿಯೂ ಹೊಂದಿದ್ದರಿಂದ ಹಳಬನ ಹೆಸರನ್ನೇ ಕೊಟ್ಟಿರಬೇಕು ಎಂಬುದು ನನ್ನ ಊಹೆ.

---

ಮದ್ದಿನಮನೆ · ಭಾನುವಾರ, ರಾತ್ರಿ 10:50

ತಾಮಲಕಿಯ ಮಾತು ಬಂದದ್ದರಿಂದ ಸೇರಿಸುತ್ತೇನೆ. ಚರಕ ಸಂಹಿತೆಯ ಹತ್ತು ಹತ್ತು ದ್ರವ್ಯಗಳ ಗಣಗಳಲ್ಲಿ ತಾಮಲಕಿ ಬರುವುದು ಕಾಸಹರ ಮತ್ತು ಶ್ವಾಸಹರ ಗಣಗಳಲ್ಲಿ, ಅಂದರೆ ಕೆಮ್ಮಿಗೆ, ಉಬ್ಬಸಕ್ಕೆ. ಚ್ಯವನಪ್ರಾಶದಲ್ಲೂ ಅದು ಸೇರಿದೆ. ನಾವು ಇಂದು ನೆಲನೆಲ್ಲಿ ಎಂದ ಕೂಡಲೇ ಕಾಮಾಲೆ ಎನ್ನುತ್ತೇವೆ. ಕೆಮ್ಮಿಗೆ ಯಾರೂ ನೆನೆಯುವುದಿಲ್ಲ! ಜನರ ಕೈಯಲ್ಲಿ ಗಿಡಗಳ ಬಳಕೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಒಂದು ಪ್ರಶ್ನೆ ರಾತ್ರಿಪಾಳಿ ಮೇಡಂಗೆ. ನೆಲನೆಲ್ಲಿ ಹೆಪಟೈಟಿಸ್ ಬಿ ಯನ್ನೂ ಗುಣಪಡಿಸುತ್ತದೆ, ವಿದೇಶದ ದೊಡ್ಡ ಪತ್ರಿಕೆಯಲ್ಲಿ ಬಂದಿದೆ ಎಂದು ಅಜ್ಜನ ಕಾಲದಲ್ಲೇ ಒಬ್ಬರು ಪೇಪರ್ ತುಂಡು ತಂದು ತೋರಿಸಿದ್ದರು. ಅದು ನಿಜವೇ?

---

ರಾತ್ರಿಪಾಳಿ · ಸೋಮವಾರ, ಬೆಳಿಗ್ಗೆ 9:30

ಆ ಪೇಪರ್ ತುಂಡು ಸುಳ್ಳಲ್ಲ, ಅಣ್ಣ. ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ.

ಹೆಪಟೈಟಿಸ್ ಬಿ ವೈರಸ್ಸನ್ನು ಗುರುತಿಸಿದ್ದಕ್ಕೆ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರೇ ಈ ಗಿಡದ ಹಿಂದೆ ಬಿದ್ದಿದ್ದರು. ಅವರು ಮದ್ರಾಸಿನ ವಿಜ್ಞಾನಿಗಳ ಜೊತೆ ಸೇರಿ ನಡೆಸಿದ ಪ್ರಯೋಗ 1988ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ವೈರಸ್ ಹೊತ್ತು ತಿರುಗುವವರಿಗೆ ಅಮಾರಸ್‌ನ ಪುಡಿಯನ್ನು 30 ದಿನ ಕೊಟ್ಟಾಗ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿ ಮಾತ್ರೆ ಪಡೆದ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ಪ್ರಪಂಚವೇ ತಿರುಗಿ ನೋಡುವ ಫಲಿತಾಂಶ. ಆದರೆ 1990ರಲ್ಲೇ ಥಾಯ್ಲೆಂಡ್‌ನವರು ಅದೇ ಗಿಡವನ್ನು ಕೊಟ್ಟು ನೋಡಿ ಪ್ರಯೋಜನ ಕಾಣಲಿಲ್ಲ ಎಂದು ಅದೇ ಪತ್ರಿಕೆಗೆ ಬರೆದರು. 2011ರಲ್ಲಿ ಕಾಕ್ರೇನ್ ಸಂಸ್ಥೆ ಆವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ, ಹುಸಿ ಮಾತ್ರೆಗಿಂತ ಇದು ಮೇಲು ಎನ್ನಲು ನಂಬುವಂಥ ಪುರಾವೆ ಇಲ್ಲ ಎಂದಿತು.

ಮೊದಲ ಸುದ್ದಿ ಊರೂರಿಗೆ ತಲುಪಿತು, ನಂತರದ್ದು ತಲುಪಲಿಲ್ಲ. ಹೆಪಟೈಟಿಸ್ ಬಿ ಇದ್ದವರು ಮಾತ್ರೆ ಬಿಟ್ಟು ಎಲೆಯ ರಸ ಹಿಡಿದು, ವರ್ಷಗಳ ನಂತರ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೆ ಲಸಿಕೆ ಇದೆ. 2011ರಿಂದ ದೇಶದಾದ್ಯಂತ ಶಿಶುಗಳಿಗೆ ಉಚಿತವಾಗಿ ಕೊಡುತ್ತಿದ್ದಾರೆ, ಮೊದಲನೆಯ ಡೋಸ್ ಹುಟ್ಟಿದ ದಿನವೇ.

ಇನ್ನೊಂದು ಎಚ್ಚರಿಕೆ, ತಂಬುಳಿ ತಿನ್ನುವವರಿಗಲ್ಲ, ದಿನವೂ ರಸ ಕುಡಿಯುವವರಿಗೆ. ಈ ಗಿಡ ಮೂತ್ರ ಹೆಚ್ಚಿಸುತ್ತದೆ, ರಕ್ತದ ಸಕ್ಕರೆಯನ್ನೂ ಇಳಿಸಬಹುದು. ಮಧುಮೇಹದ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಶುರು ಮಾಡಬಾರದು. ದೂರದೂರು ಅವರಿಗೆ: ಮೂತ್ರದ ಕಲ್ಲಿನ ವಿಷಯದಲ್ಲಿ ಬ್ರೆಜಿಲ್‌ನಲ್ಲಿ ಸಣ್ಣ ಅಧ್ಯಯನಗಳಾಗಿವೆ, ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದವರಲ್ಲಿ ಅದು ಇಳಿದದ್ದು ಕಂಡಿದೆ. ಆದರೆ ನಾಳದಲ್ಲಿ ಸಿಕ್ಕಿಕೊಂಡ ಕಲ್ಲನ್ನು ಕಷಾಯ ಒಡೆದು ಹಾಕುತ್ತದೆ ಎಂದು ಕಾಯುತ್ತ ಕೂರಬೇಡಿ.

---

ಅಜ್ಜಿಮನೆ · ಸೋಮವಾರ, ಬೆಳಿಗ್ಗೆ 11:15

ಇಷ್ಟೆಲ್ಲ ಓದಿ ಮನಸ್ಸಿಗೆ ಒಂದು ಮಾತು ಬಂತು, ಹೇಳಿಬಿಡುತ್ತೇನೆ. ನನ್ನ ಮೊದಲ ಉತ್ತರದಲ್ಲಿ "ಹೆದರಬೇಡಿ" ಎಂದು ಶುರು ಮಾಡಿದೆ. ಹುಡುಗನಿಗೆ ಏನಾಗಿದೆ ಎಂದು ಕೇಳುವ ಮೊದಲೇ ರಸದ ಅಳತೆ ಹೇಳಿದೆ. ನನ್ನ ಅತ್ತೆ ಹಾಗೆ ಮಾಡುತ್ತಿರಲಿಲ್ಲ. ಅವರೂ ಮೊದಲು ನಾಲಿಗೆ ನೋಡಿ, ಮಲಮೂತ್ರ ಕೇಳಿ, ಹೊಟ್ಟೆಯ ಬಲಮಗ್ಗುಲನ್ನು ಮೆಲ್ಲನೆ ಒತ್ತಿ ನೋಡಿ ಆಮೇಲೆ ತೋಟಕ್ಕೆ ಇಳಿಯುತ್ತಿದ್ದರು. ಅದನ್ನು ನಾನು ನೋಡಿದ್ದೆ, ಕಲಿತಿರಲಿಲ್ಲ. ಅಳಿವೆಬಾಗಿಲು ತಮ್ಮಾ, ನಿಮ್ಮ ಅಪ್ಪನ ಆರೋಗ್ಯ ಈಗ ಹೇಗಿದೆ?

---

ಅಳಿವೆಬಾಗಿಲು · ಸೋಮವಾರ, ಮಧ್ಯಾಹ್ನ 12:02

ಚೆನ್ನಾಗಿದ್ದಾರೆ ಅಕ್ಕಾ. ಸಂಜೆ ಅಳಿವೆಯವರೆಗೆ ನಡೆದು ಬರುತ್ತಾರೆ. ಹಿತ್ತಿಲ ನೆಲನೆಲ್ಲಿಯನ್ನು ನಾನು ಆ ಸಿಟ್ಟಿನಲ್ಲಿ ಕೀಳಿಸಿ ಹಾಕಿದ್ದೆ. ಈ ಮಳೆಗಾಲದಲ್ಲಿ ಮತ್ತೆ ಹುಟ್ಟಿದೆ. ನಿಮ್ಮ ತಂಬುಳಿಯನ್ನು ಹೆಂಡತಿಗೆ ಓದಿ ಹೇಳಿದ್ದೇನೆ.

---

ಹೊಳೆದಂಡೆ · ಸೋಮವಾರ, ರಾತ್ರಿ 7:45

ವರದಿ ಬಂತು. ಹೆಪಟೈಟಿಸ್ ಎ. ಬಿಲಿರುಬಿನ್ 7.8, ಕಿಣ್ವಗಳು ಸಾವಿರ ದಾಟಿವೆ, ಆದರೆ ರಕ್ತ ಹೆಪ್ಪುಗಟ್ಟುವ ಸಮಯ ಸರಿಯಾಗಿದೆ. ಬಿ ಮತ್ತು ಸಿ ಇಲ್ಲ, ಇಲಿಜ್ವರವೂ ಅಲ್ಲ. ವಿಶ್ರಾಂತಿ, ಊಟ, ನಾಲ್ಕು ದಿನ ಬಿಟ್ಟು ಮತ್ತೆ ಪರೀಕ್ಷೆ ಎಂದು ಹೇಳಿ ಕಳುಹಿಸಿದ್ದಾರೆ. ಗಿಡದ ರಸ ಕುಡಿದದ್ದನ್ನೂ ಮುಚ್ಚಿಡದೆ ಹೇಳಿದೆವು. ವೈದ್ಯರು ಬೈಯಲಿಲ್ಲ, ಯಕೃತ್ತು ಸುಧಾರಿಸುವವರೆಗೆ ಯಾವ ರಸವೂ ಬೇಡ ಎಂದರಂತೆ. ದೊಡ್ಡಮ್ಮನಿಗೆ ಬೇಸರವಾಯಿತು. ಹಾಸ್ಟೆಲ್‌ಗೆ ಫೋನ್ ಮಾಡಿ ನೀರಿನ ತೊಟ್ಟಿಯ ವಿಷಯ ಹೇಳಿದ್ದೇನೆ. ಅವನ ಕೋಣೆಯ ಇನ್ನೊಬ್ಬ ಹುಡುಗನಿಗೂ ಜ್ವರವಂತೆ.

---

ಹೊಳೆದಂಡೆ · ಹದಿನೆಂಟು ದಿನಗಳ ನಂತರ, ಶುಕ್ರವಾರ, ಸಂಜೆ 6:20

ಬಿಲಿರುಬಿನ್ ಈಗ 1.6. ನಿನ್ನೆ ಅವನೇ ದೋಸೆ ಕೇಳಿ ತಿಂದ. ಅಪ್ಪ ದೊಡ್ಡಮ್ಮನಿಗೆ, "ನಿನ್ನ ಮೂರು ದಿನದ ಮದ್ದೂ ಸೇರಿ ವಾಸಿಯಾಯಿತು ಬಿಡು" ಎಂದರಂತೆ. ನಾನು ಎದುರಾಡಲಿಲ್ಲ.

ಊರಿಗೆ ಬಂದಿದ್ದೇನೆ. ಇಂದು ಬೆಳಿಗ್ಗೆ ದೊಡ್ಡಮ್ಮನ ಜೊತೆ ಗದ್ದೆಯ ಬದುವಿಗೆ ಹೋಗಿ ಎಲೆತೊಟ್ಟು ಸರ್ ಹೇಳಿದಂತೆ ಕಡ್ಡಿ ತಿರುವಿ ನೋಡಿದೆ. ಬದುವಿನ ಮೇಲಿನದ್ದು ಕೆಂಪು, ಕಾಯಿಗೆ ತೊಟ್ಟಿಲ್ಲ, ಮೈ ತರಿತರಿ. ಹತ್ತು ಹೆಜ್ಜೆ ಆಚೆ ಹುಲ್ಲುಗೊಣಬೆಯ ಬುಡದಲ್ಲಿ ಇನ್ನೊಂದು ಗುಂಪು ಇತ್ತು, ಕಾಂಡ ಹಸಿರು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಹೂವಿನ ಎಸಳನ್ನು ತಮ್ಮ ಉಗುರಿನ ಮೇಲೆ ಇಟ್ಟು ಎಣಿಸಿದರು. ಐದು. ಅರುವತ್ತು ವರ್ಷದಿಂದ ಕೀಳುತ್ತಿದ್ದೇನೆ, ಹೂವನ್ನು ಇವತ್ತೇ ನೋಡಿದ್ದು ಎಂದರು. ಮಣ್ಣು ಸಮೇತ ಎರಡು ಗಿಡ ಎಬ್ಬಿಸಿ ಹಿತ್ತಿಲಿನ ಬಚ್ಚಲು ನೀರು ಹರಿಯದ ಕಡೆ ನೆಟ್ಟಿದ್ದಾರೆ.